ಬಿದಿರಿಗೆ ಗಾಂಭೀರ್ಯ ತಂದ ಪನ್ನಾಲಾಲ್ ಘೋಷ್

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಪಾಠವಲ್ಲ, ಕೊಳಲು. ಎಂಟನೇ ತರಗತಿಯಲ್ಲಿದ್ದಾಗ ಜಾತ್ರೆಯಲ್ಲಿ ಕೊಂಡ ಒಂದು ಕೊಳಲನ್ನು ಚೀಲದಲ್ಲಿಟ್ಟುಕೊಂಡು ಬರುತ್ತಿದ್ದೆ. ಅದು ದನ ಕಾಯುವವರ ವಾದ್ಯ, ಓದುವ ಹುಡುಗನಿಗೆ ಯಾಕೆ ಎಂದು ಹಿರಿಯರೊಬ್ಬರು ನಕ್ಕರು. ನಾನು ಅದನ್ನು ಅಟ್ಟದ ಮೇಲೆ ಎಸೆದೆ. ಮಾವಿನ ಸುಗ್ಗಿಯಲ್ಲಿ ಅಪ್ಪನ ಜೊತೆ ತೋಪಿನ ಕಾವಲಿಗೆ ಮಲಗಿದ್ದ ಒಂದು ರಾತ್ರಿ ಟ್ರಾನ್ಸಿಸ್ಟರ್‌ನಲ್ಲಿ ಪನ್ನಾಲಾಲ್ ಘೋಷರ ಹಳೆಯ ಧ್ವನಿಮುದ್ರಣ ಕೇಳಿದೆ. ಅವರು ಆಗಲೇ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಅಷ್ಟು ತಗ್ಗಿನ ದನಿ ಕೊಳಲಿನದೆಂದು ನಾನು ನಂಬಲಿಲ್ಲ.

ಪನ್ನಾಲಾಲ್ ಹುಟ್ಟಿದ್ದು 1911ರಲ್ಲಿ, ಇಂದಿನ ಬಾಂಗ್ಲಾದೇಶದ ಬಾರಿಸಾಲ್‌ನಲ್ಲಿ. ಹೆತ್ತವರಿಟ್ಟ ಹೆಸರು ಅಮಲ್ ಜ್ಯೋತಿ. ತಂದೆ ಅಕ್ಷಯ ಕುಮಾರ್ ಘೋಷ್ ಸಿತಾರ್ ನುಡಿಸುತ್ತಿದ್ದರು. ತಮ್ಮ ನಿಖಿಲ್ ಮುಂದೆ ಹೆಸರಾಂತ ತಬಲಾ ವಾದಕರಾದರು. ಯೌವನದಲ್ಲಿ ಪನ್ನಾಲಾಲ್ ಕಲ್ಕತ್ತೆಗೆ ಬಂದರು. ಅವರಿಗೆ ಬಾಕ್ಸಿಂಗ್ ಎಂದರೆ ಬಲು ಇಷ್ಟ. ಗುದ್ದಾಟದ ಕೈಗೂ ಕೊಳಲಿಗೂ ಎತ್ತಣ ಸಂಬಂಧ ಎನಿಸಬಹುದು. ಉಸಿರಿನ ಸಂಬಂಧವಂತೂ ಇದ್ದೇ ಇದೆ.

ಆಗ ಉತ್ತರದಲ್ಲಿ ಕೊಳಲಿಗೆ ದೊಡ್ಡ ಕಛೇರಿಯ ಮರ್ಯಾದೆ ಇರಲಿಲ್ಲ. ನಮ್ಮ ದಕ್ಷಿಣದಲ್ಲಿ ಕುಂಭಕೋಣದ ಅಂಧ ವಿದ್ವಾಂಸ ಶರಭ ಶಾಸ್ತ್ರಿಗಳು ಅದನ್ನು ಅಷ್ಟರಲ್ಲಾಗಲೇ ವೇದಿಕೆಗೆ ಏರಿಸಿದ್ದರು. ಉತ್ತರದಲ್ಲಿ ಮಾತ್ರ ಅದು ಜಾನಪದ ಧಾಟಿಗೆ, ಲಘು ಸಂಗೀತಕ್ಕೆ ಸಾಕು ಎಂಬ ಭಾವನೆ. ಚಿಕ್ಕ ಕೊಳಲಿನ ಕೀರಲು ದನಿಯಲ್ಲಿ ವಿಳಂಬ ಖಯಾಲಿನ ತೂಕ ಹೊರುವುದು ಕಷ್ಟವೇ. ಪನ್ನಾಲಾಲರು ಬಗೆಬಗೆಯ ಅಳತೆಗಳನ್ನು ಪ್ರಯೋಗಿಸಿ ಕೊನೆಗೆ ಸುಮಾರು 32 ಇಂಚು ಉದ್ದದ ಬಿದಿರಿನ ಕೊಳಲಿಗೆ ಬಂದು ನಿಂತರು. ಬಿದಿರು ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ, ರಂಧ್ರಗಳು ದೂರ ಸರಿಯುತ್ತವೆ, ಬೆರಳು ಚಾಚಬೇಕು, ಗಾಳಿಯೂ ಹೆಚ್ಚು ಬೇಕು. ತೀವ್ರ ಮಧ್ಯಮ ಸಲೀಸಾಗಲೆಂದು ಏಳನೆಯ ರಂಧ್ರವನ್ನೂ ಸೇರಿಸಿದರು. ಮನುಷ್ಯನ ಕಂಠದಂತೆ ಆಲಾಪ ಮಾಡಬಲ್ಲ ಕೊಳಲು ಹೀಗೆ ಬಂತು.

1938ರಲ್ಲಿ ಸರಾಯಿಕೆಲ್ಲಾ ನೃತ್ಯ ತಂಡದೊಂದಿಗೆ ಯುರೋಪಿಗೆ ಹೋಗಿಬಂದರು. 1940ರಲ್ಲಿ ಬೊಂಬಾಯಿಗೆ. ಹೆಂಡತಿ ಪಾರುಲ್ ಘೋಷ್ ಸಿನಿಮಾ ಗಾಯಕಿ, ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸರ ತಂಗಿ. ಚಿತ್ರರಂಗ ಅನ್ನ ಕೊಟ್ಟಿತು, ಆದರೆ ಮನಸ್ಸು ರಾಗದಲ್ಲೇ ಇತ್ತು. ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು 1947ರಲ್ಲಿ ಅವರು ಮಾಡಿದ ಕೆಲಸ. ಊರೆಲ್ಲ ಹೆಸರು ಬಲ್ಲ ಕಲಾವಿದ, ವಯಸ್ಸು ಮೂವತ್ತೈದು ದಾಟಿದೆ. ಆಗ ಹೋಗಿ ಉಸ್ತಾದ್ ಅಲ್ಲಾವುದ್ದೀನ್ ಖಾನರ ಶಿಷ್ಯರಾಗಿ ಮತ್ತೆ ಕಲಿಯಲು ಕೂತರು! ನಮ್ಮಲ್ಲಿ ಎಷ್ಟು ಮಂದಿಗೆ ಆ ವಯಸ್ಸಿನಲ್ಲಿ ಮತ್ತೆ ಸ್ಲೇಟು ಹಿಡಿಯುವ ಧೈರ್ಯವಿದೆ?

ಕನ್ನಡಿಗರಿಗೂ ಅವರಿಗೂ ಒಂದು ನಂಟಿದೆ. ತ.ರಾ.ಸು. ಅವರ ಹಂಸಗೀತೆ ಕಾದಂಬರಿಯನ್ನು ಆಧರಿಸಿ 1956ರಲ್ಲಿ ಹಿಂದಿಯಲ್ಲಿ ಬಸಂತ್ ಬಹಾರ್ ಚಿತ್ರ ಬಂತು. ಅದರಲ್ಲಿ ನಮ್ಮ ಗದಗಿನ ಭೀಮಸೇನ ಜೋಶಿಯವರು ಹಾಡಿದರು, ಲತಾ ಮಂಗೇಶ್ಕರರ ಹಾಡೊಂದಕ್ಕೆ ಪನ್ನಾಲಾಲರು ಕೊಳಲು ನುಡಿಸಿದರು. ಅವರ ಶಿಷ್ಯ, ಅಳಿಯ ದೇವೇಂದ್ರ ಮುರ್ಡೇಶ್ವರರ ಹೆಸರಿನಲ್ಲೇ ನಮ್ಮ ಕರಾವಳಿಯ ಊರಿದೆ.

ಅದೇ 1956ರಲ್ಲಿ ಅವರು ದೆಹಲಿ ಆಕಾಶವಾಣಿಯ ರಾಷ್ಟ್ರೀಯ ವಾದ್ಯವೃಂದದ ನಿರ್ದೇಶಕರಾದರು. ಆ ವೃಂದವನ್ನು ಮೊದಲು ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ನಡೆಸಿದ್ದರು. ಉತ್ತರಾದಿ, ದಕ್ಷಿಣಾದಿ ವಾದ್ಯಗಾರರು ಒಟ್ಟಿಗೆ ಕೂರುತ್ತಿದ್ದರು. ಒಬ್ಬೊಬ್ಬರೂ ಮನೋಧರ್ಮದಿಂದ ಬೆಳೆಸುವುದು ನಮ್ಮ ಸಂಗೀತದ ಜೀವ. ಅಂಥವರನ್ನು ಬರೆದಿಟ್ಟ ಸ್ವರಕ್ಕೆ ಕಟ್ಟಿಹಾಕಿ ಒಂದೇ ಉಸಿರಿನಲ್ಲಿ ನುಡಿಸುವುದು ಸುಲಭವಲ್ಲ. ಕಳಿಂಗ ವಿಜಯದಂಥ ರಚನೆಗಳನ್ನು ಅವರು ಆ ವೃಂದಕ್ಕಾಗಿ ಮಾಡಿದರು. ಏಕಾಂಗಿಯಾಗಿ ಕೊಳಲನ್ನು ಎತ್ತರಕ್ಕೇರಿಸಿದವರು ಈಗ ಇತರರ ವಾದ್ಯಗಳಿಗೆ ದಾರಿ ತೋರಿಸುತ್ತ ನಿಂತರು.

ಆ ಕೆಲಸ ನಾಲ್ಕು ವರ್ಷವಷ್ಟೇ ನಡೆಯಿತು. 1960ರ ಏಪ್ರಿಲ್ 20ರಂದು ದೆಹಲಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಇನ್ನೂ ಐವತ್ತು ತುಂಬಿರಲಿಲ್ಲ.

ಮೊನ್ನೆ ಮನೆ ಸುಣ್ಣ ಬಳಿಯುವಾಗ ಅಟ್ಟದಿಂದ ನನ್ನ ಜಾತ್ರೆಯ ಕೊಳಲು ಸಿಕ್ಕಿತು. ಅಳೆದು ನೋಡಿದೆ, ಅವರದರ ಅರ್ಧದಷ್ಟೂ ಇಲ್ಲ. ಬಸಂತ್ ಬಹಾರ್‌ನ ಆ ಹಾಡು ಬಂದಾಗ ಈಗ ನಾನು ಲತಾ ನಿಲ್ಲಿಸುವ ಜಾಗಗಳಿಗಾಗಿ ಕಾಯುತ್ತೇನೆ.