ಗೌಡಿಕೆ ಮಾಡಿದ ಜಕ್ಕಿಯಬ್ಬೆ

ಸೊರಬದಿಂದ ಕುಪ್ಪಗಡ್ಡೆ ಕಡೆಗೆ ಹೊರಟ ಬಸ್ಸಿನಲ್ಲಿ ಯಾರಾದರೂ ಒಮ್ಮೆ ಗೌಡ್ರೇ ಅಂತ ಗಟ್ಟಿಯಾಗಿ ಕೂಗಿ ನೋಡಲಿ. ನಾಲ್ಕಾರು ತಲೆಗಳು ತಿರುಗದಿದ್ದರೆ ಕೇಳಿ! ಮುಂದಿನ ಸೀಟಿನವರು, ಬಾಗಿಲಲ್ಲಿ ಜೋತು ನಿಂತವರು, ಮೂಟೆ ಪಕ್ಕ ಕೂತ ಅಜ್ಜ, ಎಲ್ಲರೂ ತಿರುಗುತ್ತಾರೆ. ಆದರೆ ಒಂದು ವಿಷಯ ಗಮನಿಸಿ. ತಿರುಗುವ ತಲೆಗಳೆಲ್ಲ ಗಂಡಸರದ್ದೇ. ಹೆಂಗಸರು ಯಾರೂ ತಿರುಗುವುದಿಲ್ಲ. ಗೌಡ ಎಂದರೆ ಗಂಡಸು, ಗೌಡತಿ ಎಂದರೆ ಗೌಡನ ಹೆಂಡತಿ, ಇದು ನಮ್ಮ ಊರುಗಳ ಲೆಕ್ಕ.

ಈ ಲೆಕ್ಕವನ್ನು 1100 ವರ್ಷಗಳ ಹಿಂದೆಯೇ ತಪ್ಪು ಮಾಡಿದ ಒಬ್ಬ ಹೆಣ್ಣುಮಗಳು ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಲ್ಲಿನಲ್ಲಿದ್ದಾಳೆ. ಹೆಸರು ಜಕ್ಕಿಯಬ್ಬೆ. ಈಕೆ ಗೌಡನ ಹೆಂಡತಿಯಾಗಿದ್ದಳು, ನಿಜ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಗಂಡ ತೀರಿಕೊಂಡ ಮೇಲೆ ತಾನೇ ಗೌಡಿಕೆ ಮಾಡಿದಳು. ಅದೂ ಒಂದು ಊರಿನ ಗೌಡಿಕೆಯಲ್ಲ, ಒಂದು ಇಡೀ ನಾಡಿನ ಗೌಡಿಕೆ.

ಗೌಡ ಎಂಬ ಹೆಸರು ಬಂದದ್ದು ಎಲ್ಲಿಂದ?

ಮೊದಲು ಹೆಸರಿನ ಮೂಲ ನೋಡೋಣ. ಹಳೆಯ ಶಾಸನಗಳಲ್ಲಿ ಗೌಡ ಎಂಬ ಮಾತು ಈ ರೂಪದಲ್ಲಿ ಇರಲಿಲ್ಲ. ಮೊದಲು ಗಾಮುಂಡ, ಆಮೇಲೆ ಗಾವುಂಡ, ಆಮೇಲೆ ಗವುಂಡ, ಗವುಡ, ಕೊನೆಗೆ ಗೌಡ. ನದಿಯಲ್ಲಿ ಉರುಳಿ ಉರುಳಿ ಕಲ್ಲು ನುಣ್ಣಗಾಗುವ ಹಾಗೆ ಜನರ ಬಾಯಲ್ಲಿ ಉರುಳಿ ಈ ಮಾತು ಸಣ್ಣದಾಯಿತು. ಗ್ರಾಮದ ಹಿರಿಯ ಎಂಬ ಅರ್ಥದ ಗ್ರಾಮವೃದ್ಧ ಎಂಬ ಮಾತಿನಿಂದ ಇದು ಬಂತು ಅಂತ ಕೆಲವು ವಿದ್ವಾಂಸರು, ಗ್ರಾಮಕೂಟ ಎಂಬ ಅಧಿಕಾರಿಯ ಹೆಸರಿನ ಕಡೆಗೆ ಬೆರಳು ತೋರಿಸುವವರು ಇನ್ನು ಕೆಲವರು. ಹೇಗೆ ನೋಡಿದರೂ ಗಾಮ, ಅಂದರೆ ಗ್ರಾಮ, ಅದರ ಹೊಟ್ಟೆಯಲ್ಲಿದೆ.

ಹಾಗಾದರೆ ಗೌಡ ಎಂಬುದು ಜಾತಿಯ ಹೆಸರಲ್ಲವೇ? ಮೂಲದಲ್ಲಿ ಅಲ್ಲ ಸ್ವಾಮಿ. ಅದು ಒಂದು ಉದ್ಯೋಗದ ಹೆಸರು. ಊರಿನ ಹೊಲಗದ್ದೆಗಳಿಂದ ರಾಜನಿಗೆ ಸೇರಬೇಕಾದ ತೆರಿಗೆ ಎತ್ತುವುದು, ಕೆರೆಯ ಏರಿ ತೂಬು ನೋಡಿಕೊಳ್ಳುವುದು, ದಾನ ಕೊಡುವಾಗ ಗದ್ದೆಯ ಗಡಿಗೆ ಸಾಕ್ಷಿ ನಿಲ್ಲುವುದು, ಶತ್ರುಗಳು ದನ ಹೊಡೆದುಕೊಂಡು ಹೋದರೆ ಬೆನ್ನಟ್ಟಿ ಹೋಗಿ ಕಾದಾಡುವುದು, ಇವೆಲ್ಲ ಗಾವುಂಡನ ಕೆಲಸ. ಹಾಗೆ ತುರು ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ಸೊರಬ, ಶಿಕಾರಿಪುರದ ಊರುಗಳಲ್ಲಿ ಕೆರೆ ದಂಡೆಯ ಮೇಲೂ ದೇವಸ್ಥಾನದ ಮುಂದೆಯೂ ನಿಂತಿವೆ.

ಈ ಕೆಲಸಕ್ಕೆ ಸಂಬಳ? ತಿಂಗಳಿಗಿಷ್ಟು ಅಂತ ದುಡ್ಡು ಎಣಿಸಿ ಕೊಡುವ ಕಾಲ ಅದಲ್ಲ. ಭೂಮಿಯೇ ಸಂಬಳ. ಗೌಡಿಕೆಗೆಂದೇ ಬಿಟ್ಟ ಭೂಮಿಗೆ ಗೌಡಗೊಡಗೆ ಎಂದು ಹೆಸರು. ಮುಂದೆ ಅದೇ ಮಾನ್ಯ, ಉಂಬಳಿ ಆಯಿತು. ಕೆಲಸದ ಜೊತೆ ಗದ್ದೆ, ಗದ್ದೆಯ ಜೊತೆ ಕೆಲಸ. ಗದ್ದೆ ಮನೆಯಲ್ಲೇ ಉಳಿಯಿತು, ಕೆಲಸವೂ ಮನೆಯಲ್ಲೇ ಉಳಿಯಿತು, ಕೆಲಸದ ಹೆಸರು ಮನೆತನದ ಹೆಸರಾಯಿತು. ಹೀಗೆ ಮಣ್ಣಿನಿಂದ ಹುಟ್ಟಿದ ಹೆಸರು ಇದು. ಅದಕ್ಕೇ ನೋಡಿ, ಒಕ್ಕಲಿಗರಲ್ಲಿ ಗೌಡರಿದ್ದಾರೆ, ಲಿಂಗಾಯತರಲ್ಲಿ ಗೌಡರಿದ್ದಾರೆ, ಉತ್ತರ ಕನ್ನಡದ ಹಾಲಕ್ಕಿಗಳು ಗೌಡರು, ಸುಳ್ಯ ಮತ್ತು ಕೊಡಗಿನ ಕಡೆ ಅರೆಭಾಷೆ ಗೌಡರು. ತಮಿಳುನಾಡಿನ ಕೊಂಗು ಸೀಮೆಯ ಗೌಂಡರ್ ಎಂಬುದೂ ಇದರ ಹತ್ತಿರದ ನೆಂಟನೇ. ಬೆಂಗಳೂರು ಕಟ್ಟಿದ ಕೆಂಪೇಗೌಡರೂ ಇದೇ ಹೆಸರು ಹೊತ್ತವರು.

ನಾಗರಖಂಡದ ಮನೆ

ಈಗ ಜಕ್ಕಿಯಬ್ಬೆಯ ಕಾಲಕ್ಕೆ ಬರೋಣ. ಕ್ರಿ.ಶ. 900 ದಾಟಿದ ಹೊಸತು. ರಾಷ್ಟ್ರಕೂಟರ ಆಳ್ವಿಕೆ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸಿಂಹಾಸನದ ಮೇಲೆ ಎರಡನೆಯ ಕೃಷ್ಣ, ಜನರ ಬಾಯಲ್ಲಿ ಕನ್ನರದೇವ. ಕನ್ನಡದ ಆದಿಕವಿ ಪಂಪ ಹುಟ್ಟಿದ್ದು 902ರಲ್ಲಿ. ಜಕ್ಕಿಯಬ್ಬೆ ಗೌಡಿಕೆ ವಹಿಸಿಕೊಂಡಾಗ ಆತ ಇನ್ನೂ ಒಂಬತ್ತು ಹತ್ತು ವರ್ಷದ ಹುಡುಗ. ಅಷ್ಟು ಹಳೆಯ ಕಥೆ ಇದು.

ನಮ್ಮ ಸೀಮೆ ಆಗ ಬನವಾಸಿ ಹನ್ನೆರಡು ಸಾವಿರ ಎಂಬ ದೊಡ್ಡ ಪ್ರಾಂತ್ಯದಲ್ಲಿತ್ತು. ರಾಜನ ಪರವಾಗಿ ಅದನ್ನು ಆಳುತ್ತಿದ್ದವನು ಮಹಾಸಾಮಂತ ಕಲಿವಿಟ್ಟರಸ. ಆ ಪ್ರಾಂತ್ಯದೊಳಗೆ ಸಣ್ಣ ಸಣ್ಣ ನಾಡುಗಳು. ಅದರಲ್ಲಿ ಒಂದು ನಾಗರಖಂಡ ಎಪ್ಪತ್ತು. ಎಪ್ಪತ್ತು ಊರುಗಳ ನಾಡು ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಇಂದಿನ ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಲವು ಊರುಗಳು ಅದರಲ್ಲಿದ್ದವು. ಅದರ ಮುಖ್ಯ ಸ್ಥಳ ಬಂದಣಿಕೆ, ನಾವು ಈಗ ಬಂದಳಿಕೆ ಅನ್ನುತ್ತೇವೆ.

ಊರಿಗೊಬ್ಬ ಗಾವುಂಡನಾದರೆ, ಇಡೀ ನಾಡಿಗೆ ಒಬ್ಬ ನಾಳ್ಗಾವುಂಡ. ನಾಡಗೌಡ ಅನ್ನಿ. ನಾಗರಖಂಡದ ನಾಳ್ಗಾವುಂಡನಾಗಿದ್ದವನು ಸತ್ತರಸ ನಾಗಾರ್ಜುನ. ಆತನ ಹೆಂಡತಿಯೇ ಜಕ್ಕಿಯಬ್ಬೆ. ಸುಮಾರು 911ರಲ್ಲಿ ನಾಗಾರ್ಜುನ ತೀರಿಕೊಂಡ.

ಇಂಥ ಹೊತ್ತಿನಲ್ಲಿ ಏನಾಗುತ್ತದೆ ಅಂತ ನಮಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ಮನೆ ಯಜಮಾನ ಹೋದ ಅಂದರೆ ಹದಿಮೂರನೇ ದಿನಕ್ಕೇ ಕೀಲಿಕೈಯ ಪ್ರಶ್ನೆ ಏಳುತ್ತದೆ. ಮೈದುನ ಒಂದು ಕಡೆ, ದಾಯಾದಿ ಇನ್ನೊಂದು ಕಡೆ. ಹೆಣ್ಣುಹೆಂಗಸಿಗೆ ಇದೆಲ್ಲ ಯಾಕೆ ಅನ್ನುವ ಮಾತು ಎಲ್ಲ ಕಡೆ. ಆದರೆ ಕನ್ನರದೇವ ಮಾಡಿದ್ದು ಬೇರೆ. ನಾಳ್ಗಾವುಂಡನ ಪದವಿಯನ್ನು ಜಕ್ಕಿಯಬ್ಬೆಗೇ ಕೊಟ್ಟ.

ಏಳು ವರ್ಷದ ಗೌಡಿಕೆ

ಇದು ಬರಿ ಹೆಸರಿಗೆ ಕೊಟ್ಟ ಪದವಿಯಾಗಿರಲಿಲ್ಲ. ಶಾಸನ ಬರೆಸಿದವರು ಆಕೆಯ ರೂಪವನ್ನು ಹೊಗಳುತ್ತಾರೆ, ಅದು ಅಂದಿನ ರೂಢಿ. ಅದರ ಜೊತೆಗೆ ಆಕೆಯ ಆಡಳಿತದ ಜಾಣ್ಮೆಯನ್ನೂ ಪರಾಕ್ರಮವನ್ನೂ ಹೊಗಳುತ್ತಾರೆ. ಹೆಣ್ಣಾದರೂ ನಾಗರಖಂಡವನ್ನು ಚೆನ್ನಾಗಿ ಕಾಪಾಡಿದಳು ಎಂಬ ಧಾಟಿ ಅದರದ್ದು. ಆ ಹೆಣ್ಣಾದರೂ ಎಂಬ ಮಾತಿನಲ್ಲಿಯೇ ಅಂದಿನ ಜನರ ಆಶ್ಚರ್ಯವೂ ಇದೆ, ಒಪ್ಪಿಗೆಯೂ ಇದೆ.

ನಾಡಗೌಡಿಕೆ ಅಂದರೆ ಸುಮ್ಮನೆ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕುವ ಕೆಲಸವಲ್ಲ. ಊರೂರಿನ ಗಾವುಂಡರು ಎತ್ತಿದ ತೆರಿಗೆಯ ಲೆಕ್ಕ ನೋಡಬೇಕು. ಗಡಿ ತಕರಾರು ತೀರಿಸಬೇಕು. ರಾಜ ದಂಡು ಕೇಳಿದರೆ ಆಳುಗಳನ್ನು ಒದಗಿಸಬೇಕು. ಕಲಿವಿಟ್ಟರಸನಂಥ ಮಹಾಸಾಮಂತನ ಮುಂದೆ ನಾಡಿನ ಪರವಾಗಿ ನಿಲ್ಲಬೇಕು. ನಾಳ್ಗಾವುಂಡನ ಹೊಣೆ ಇಂಥದ್ದು. ಜಕ್ಕಿಯಬ್ಬೆ ಇದನ್ನು ಸುಮಾರು ಏಳು ವರ್ಷ ಹೊತ್ತಳು.

ಆಕೆ ಜೈನಧರ್ಮದವಳು, ಜಿನಶಾಸನದಲ್ಲಿ ಬಹಳ ಭಕ್ತಿಯುಳ್ಳವಳು. ಬಸದಿಗೆ ನಾಲ್ಕು ಮತ್ತರು ಗದ್ದೆ ಬಿಟ್ಟುಕೊಟ್ಟಳು. ಮತ್ತರು ಎಂಬುದು ಹಳೆಯ ಕಾಲದ ಭೂಮಿಯ ಅಳತೆ. ಅಳೆಯುವ ಕೋಲು ಊರಿಂದೂರಿಗೆ ಬೇರೆಯಾದ್ದರಿಂದ ಇಂದಿನ ಎಕರೆಗೆ ಸರಿಯಾಗಿ ಹೊಂದಿಸಿ ಹೇಳುವುದು ಕಷ್ಟ. ಅದು ಬತ್ತ ಬೆಳೆಯುವ ಗದ್ದೆ ಎಂಬುದಷ್ಟೇ ಇಲ್ಲಿ ಮುಖ್ಯ. ಮಲೆನಾಡಿನ ಅಂಚಿನ ಈ ಸೀಮೆಯಲ್ಲಿ ಗದ್ದೆಯೇ ಐಶ್ವರ್ಯ, ಅಂದೂ ಅಷ್ಟೇ, ಇಂದೂ ಅಷ್ಟೇ. ಆ ಗದ್ದೆಯನ್ನು ಕೊಡುವ ಅಧಿಕಾರ ಒಬ್ಬ ಹೆಂಗಸಿನ ಕೈಯಲ್ಲಿತ್ತು.

918ರ ಹೊತ್ತಿಗೆ ಆಕೆಗೆ ಕಾಯಿಲೆ ಬಂತು. ವಾಸಿಯಾಗುವ ಕಾಯಿಲೆಯಲ್ಲ ಎಂದು ಆಕೆಗೇ ತಿಳಿಯಿತು. ಆಗ ಆಕೆ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಮಗಳನ್ನು ಕರೆಸಿಕೊಂಡಳು. ತನ್ನದೆಲ್ಲವನ್ನೂ ಮಗಳಿಗೆ ಒಪ್ಪಿಸಿದಳು. ಅಳಿಯನಿಗಲ್ಲ, ದಾಯಾದಿಗಲ್ಲ, ಮಗಳಿಗೆ.

ಆಮೇಲೆ ಎಲ್ಲ ಆಸೆ ಬಂಧನಗಳನ್ನು ಬಿಟ್ಟು ಬಂದಣಿಕೆ ತೀರ್ಥಕ್ಕೆ ಬಂದಳು. ಅಲ್ಲಿನ ಬಸದಿಯಲ್ಲಿ ಜೈನರ ಪದ್ಧತಿಯಂತೆ ವ್ರತ ಹಿಡಿದು ಪ್ರಾಣ ಬಿಟ್ಟಳು. ಅಂತ್ಯಕಾಲ ಬಂತೆಂದು ತಿಳಿದವರು ಅನ್ನ ನೀರು ಕಡಿಮೆ ಮಾಡುತ್ತಾ ಶಾಂತವಾಗಿ ದೇಹ ಬಿಡುವ ಈ ಕ್ರಮಕ್ಕೆ ಸಲ್ಲೇಖನ ಎನ್ನುತ್ತಾರೆ. ಅಧಿಕಾರ ಹಿಡಿಯುವುದೂ ಗೊತ್ತಿತ್ತು, ಬಿಡುವುದೂ ಗೊತ್ತಿತ್ತು. ಇಂದಿನ ಎಷ್ಟು ಮಂದಿ ಮುಖಂಡರಿಗೆ ಎರಡನೆಯದು ಗೊತ್ತು ಹೇಳಿ ನೋಡೋಣ!

ಈ ಕಥೆಯೆಲ್ಲ ಕಲ್ಲಿನ ಮೇಲೆ ಕೂತಿತ್ತು. ಬಿ.ಎಲ್. ರೈಸ್ ಎಂಬ ಅಧಿಕಾರಿ ಹಳೇ ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಹುಡುಕಿ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. 1902ರಲ್ಲಿ ಬಂದ ಏಳನೆಯ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕಿನ 219ನೆಯ ಶಾಸನವಾಗಿ ಜಕ್ಕಿಯಬ್ಬೆ ಬೆಳಕಿಗೆ ಬಂದಳು. ಆಮೇಲೆ ಕರ್ನಾಟಕದ ಮಹಿಳೆಯರ ಚರಿತ್ರೆ ಬರೆದವರು ಆಕೆಯ ಹೆಸರನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಆಕೆಗಿಂತ ಮುಂಚೆ, 837ರ ಸುಮಾರಿಗೆ, ಅಮೋಘವರ್ಷನ ಮಗಳು ರೇವಕನಿಮ್ಮಡಿ ಎಡೆದೊರೆ ನಾಡನ್ನು ನೋಡಿಕೊಂಡದ್ದೂ ಉಂಟು. ಆದರೆ ಅವಳು ರಾಜನ ಮಗಳು. ಜಕ್ಕಿಯಬ್ಬೆ ನಮ್ಮ ಹಾಗೆ ಊರುಕೇರಿಯ ಕಡೆಯವಳು, ಗೌಡರ ಮನೆಯವಳು.

ಹೆಸರು ಹೊತ್ತವರು ಮುಂದೆ ಏನು ಮಾಡಿದರು?

ಗೌಡಿಕೆ ಎಂದರೆ ಬರಿ ಒಳ್ಳೆಯದೇ ಅಂತ ನಾವು ಹೇಳುವುದಿಲ್ಲ. ಊರಿನ ರಕ್ಷಣೆಗೆ ಹುಟ್ಟಿದ ಅಧಿಕಾರ ಎಷ್ಟೋ ಕಡೆ ಬಿಟ್ಟಿ ಬೇಗಾರಿ ಮಾಡಿಸುವ ದರ್ಪವಾಯಿತು. ಉಳುವವನೊಬ್ಬ, ಉಣ್ಣುವವನೊಬ್ಬ ಎಂಬ ಸ್ಥಿತಿ ಬಂತು. ಅದರ ವಿರುದ್ಧ 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಆ ಹೋರಾಟದ ಮುಂದಾಳುಗಳಲ್ಲಿ ಒಬ್ಬರು ಅದೇ ಗೌಡ ಹೆಸರಿನವರು, ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು. ಹೆಸರಿನಲ್ಲಿ ಗೌಡಿಕೆ ಇದ್ದರೂ ನಿಂತದ್ದು ಗೇಣಿಯವರ ಪಕ್ಕ. 1972ರಲ್ಲಿ, 50 ತುಂಬುವ ಮೊದಲೇ, ಅವರು ತೀರಿಕೊಂಡರು. ಉಳುವವನೇ ಹೊಲದೊಡೆಯ ಮಾಡಿದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಅದಕ್ಕೂ ಮೊದಲೇ ಗೌಡಿಕೆ ಎಂಬ ಉದ್ಯೋಗ ಮುಗಿದಿತ್ತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆಗಳನ್ನು ರದ್ದು ಮಾಡಿದ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಉದ್ಯೋಗ ಹೋಯಿತು, ಹೆಸರು ಮಾತ್ರ ಉಳಿಯಿತು. ಪಟೇಲ, ಪಾಟೀಲ, ಗೌಡ, ನಾಡಿಗ, ಶಾನುಭೋಗ, ಇವೆಲ್ಲ ಹಾಗೆ ಉಳಿದ ಹೆಸರುಗಳೇ. ಇಂದು ಅಂಗಡಿ ಬೋರ್ಡಿನ ಮೇಲೆ, ಲಗ್ನಪತ್ರಿಕೆಯ ಮೇಲೆ, ಲಾರಿಯ ಹಣೆಯ ಮೇಲೆ ಗೌಡ ಅಂತ ಬರೆಸಿಕೊಂಡವರಲ್ಲಿ ಎಷ್ಟು ಜನ ತೆರಿಗೆ ಎತ್ತುತ್ತಾರೆ, ತುರು ಬಿಡಿಸುತ್ತಾರೆ?

ಮಗಳ ಪಾಲು

ಈ ಹಳೆ ಕಥೆಯಿಂದ ನಮಗೇನು ಅಂತ ಅಂಗಡಿ ಕಟ್ಟೆಯ ಮೇಲೆ ಕೂತವರು ಕೇಳಬಹುದು. ಪ್ರಶ್ನೆ ಸರಿಯೇ ಇದೆ. ಉತ್ತರ ನಿಮ್ಮ ಮನೆಯ ಪಹಣಿಯಲ್ಲಿದೆ. ತೆಗೆದು ನೋಡಿ. ಅದರಲ್ಲಿ ಮಗಳ ಹೆಸರು ಇದೆಯೇ?

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು. ಮದುವೆಯಾಗಿ ಹೋದವರಿಗೆ ಅದರಲ್ಲಿ ತೊಡಕಿತ್ತು. 2005ರಲ್ಲಿ ಇಡೀ ದೇಶಕ್ಕೇ ಕಾನೂನು ಬಂದು ಆ ತೊಡಕು ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದಿತು. ಪಂಚಾಯಿತಿಯಲ್ಲಿ ಹೆಂಗಸರಿಗೆ ಅರ್ಧ ಸ್ಥಾನ ಮೀಸಲಿಟ್ಟ ತಿದ್ದುಪಡಿ 2010ರದ್ದು. ಕಾನೂನಿನ ಕಡೆಯಿಂದ ಬಾಕಿ ಹೆಚ್ಚೇನಿಲ್ಲ.

ಬಾಕಿ ಇರುವುದು ಮನೆಯೊಳಗೆ. ಹೆಂಗಸು ಅಧ್ಯಕ್ಷೆಯಾದರೆ ಗಂಡ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಳ್ಳುವುದು, ಹಬ್ಬಕ್ಕೆ ಬಂದ ಅಕ್ಕತಂಗಿಯರಿಗೆ ಸೀರೆ ಕುಪ್ಪಸ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು, ಇವು ಯಾವ ಊರಿನ ಕಥೆ ಅಂತ ನಾವು ಹೇಳಬೇಕಾಗಿಲ್ಲ. ಹೆಣ್ಣಿಗೆ ಗದ್ದೆ ಕೊಡುವುದು ನಮ್ಮ ಸಂಪ್ರದಾಯದಲ್ಲೇ ಇಲ್ಲ ಅನ್ನುವ ಹಿರಿಯರಿದ್ದಾರಲ್ಲ, ಅವರು ಒಮ್ಮೆ ಬಂದಳಿಕೆಗೆ ಹೋಗಿ ಬರಲಿ. ಅಲ್ಲಿ ಶಾಂತಿನಾಥ ಬಸದಿ ಇದೆ, ಸೋಮೇಶ್ವರ ದೇವಸ್ಥಾನ, ತ್ರಿಮೂರ್ತಿ ದೇವಸ್ಥಾನ ಇವೆ. ನಮ್ಮ ಸಂಪ್ರದಾಯ ಎಷ್ಟು ಹಳೆಯದು, ಅದರಲ್ಲಿ ಏನೇನಿತ್ತು ಅಂತ ಅಲ್ಲಿನ ಕಲ್ಲು ಹೇಳುತ್ತದೆ.

ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ, ತಟ್ಟಿಕೊಳ್ಳಬೇಕಾದ್ದೇ. ಅವರಿಗಿಂತ 200 ವರ್ಷಕ್ಕೂ ಹಿಂದಿನವಳು ಈ ಜಕ್ಕಿಯಬ್ಬೆ. ಎರಡು ತಾಲ್ಲೂಕುಗಳಲ್ಲಿ ಹೊಸ ಪಂಚಾಯಿತಿ ಕಟ್ಟಡಕ್ಕೋ ಸಭಾಭವನಕ್ಕೋ ಹೆಸರು ಹುಡುಕುವಾಗ ಸದಸ್ಯರು ಈ ಹೆಸರನ್ನೂ ಒಮ್ಮೆ ನೆನೆಯಲಿ. ಅದಕ್ಕಿಂತ ಮೊದಲು, ಗೌಡ ಎಂಬ ಹೆಸರು ಹೊತ್ತ ಮನೆಗಳು ಪಾಲುಪಟ್ಟಿ ಬರೆಸುವ ದಿನ ಮಗಳನ್ನೂ ಕರೆಸಲಿ. ಜಕ್ಕಿಯಬ್ಬೆ ಕರೆಸಿದ್ದಳು.