ಮೇಲ್ಛಾವಣಿ ಇಲ್ಲದ ಕಾರು, ಸದ್ದಿಲ್ಲದ ಇಂಜಿನ್: ಹೆನ್ರಿ ರಾಯ್ಸ್

ಬಟವಾಡಿ ಸರ್ಕಲ್‌ನಲ್ಲಿ ಸಂಜೆ ಹೊತ್ತು ಐದು ನಿಮಿಷ ನಿಂತರೆ ಸಾಕು, ಯಾವ ಗಾಡಿ ಬರ್ತಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಗೇರ್ ಇಳಿಸುವ ಲಾರಿ, ಬೆಂಗಳೂರು ಕಡೆ ಹೊರಟ ಕೆಂಪು ಬಸ್ಸು, ಆಟೋ, ಅದರ ಮಧ್ಯೆ ಸೈಲೆನ್ಸರ್ ಬದಲಾಯಿಸಿಕೊಂಡ ಯಾರದೋ ಬೈಕು. ನಮ್ಮ ವಯಸ್ಸಿನವರ ಲೆಕ್ಕದಲ್ಲಿ ಸದ್ದು ಜಾಸ್ತಿ ಅಂದ್ರೆ ಪವರ್ ಜಾಸ್ತಿ. ಆದರೆ ಸುಮಾರು ನೂರ ಇಪ್ಪತ್ತು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಇದಕ್ಕೆ ಪೂರ್ತಿ ಉಲ್ಟಾ ಯೋಚನೆ ಮಾಡಿದರು. ಅವರ ಪಾಲಿಗೆ ಸದ್ದು ಅಂದರೆ ಎಲ್ಲೋ ಶಕ್ತಿ ಸೋರಿಹೋಗುತ್ತಿದೆ, ಎಲ್ಲೋ ಲೋಹ ಸವೆಯುತ್ತಿದೆ ಎಂದರ್ಥ. ಹೆಸರು ಫ್ರೆಡೆರಿಕ್ ಹೆನ್ರಿ ರಾಯ್ಸ್. ರೋಲ್ಸ್ ರಾಯ್ಸ್ ಅನ್ನೋ ಹೆಸರಿನಲ್ಲಿ ನಾವೆಲ್ಲ ರೋಲ್ಸ್ ಮೇಲೆ ಒತ್ತು ಕೊಟ್ಟು ಹೇಳ್ತೀವಿ. ಇಂಜಿನಿಯರಿಂಗ್ ಮಾಡಿದ್ದು ಮಾತ್ರ ರಾಯ್ಸ್.

ಅವರ ಕಥೆ ಹೇಳುವ ಮೊದಲು ಒಂದು ಸಣ್ಣ ಲೆಕ್ಕ. ಕಾರಿನೊಳಗಿನ ಸದ್ದು ಕಡಿಮೆ ಮಾಡಲು ಇರೋದು ಎರಡೇ ಜಾಗ. ಒಂದು, ಸದ್ದು ಹುಟ್ಟುವ ಕಡೆ. ಇನ್ನೊಂದು, ಅದು ನಮ್ಮ ಕಿವಿಗೆ ಬರುವ ದಾರಿ. ಈಗಿನ ಕಾರುಗಳಲ್ಲಿ ದಾರಿ ಮುಚ್ಚೋದೇ ಹೆಚ್ಚು: ಡೋರ್ ಒಳಗೆ ಡ್ಯಾಂಪಿಂಗ್ ಶೀಟ್, ನೆಲದ ಕೆಳಗೆ ಫೋಮ್, ಬಾಗಿಲ ಸುತ್ತ ರಬ್ಬರ್ ಬೀಡಿಂಗ್. ಗೋಡೆಯ ತೂಕ ಎರಡರಷ್ಟಾದರೆ ಅದನ್ನು ದಾಟಿ ಬರುವ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದರೆ ಟಾಪ್ ಬಿಚ್ಚಿದ ಕನ್ವರ್ಟಿಬಲ್‌ನಲ್ಲಿ ಮುಚ್ಚೋಕೆ ಗೋಡೆಯೇ ಇಲ್ಲವಲ್ಲ! ರಾಯ್ಸ್ ಕಾಲದ ಕಾರುಗಳು ಬಹುಪಾಲು ಹಾಗೇ ಇದ್ದವು, ತೆರೆದ ಗಾಡಿಗಳು. ಹಾಗಾಗಿ ಅವರಿಗೆ ಉಳಿದಿದ್ದು ಒಂದೇ ದಾರಿ, ಸದ್ದನ್ನು ಹುಟ್ಟುವ ಜಾಗದಲ್ಲೇ ಸಾಯಿಸೋದು.

ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಇಂಗ್ಲೆಂಡಿನ ಪೀಟರ್‌ಬರೊ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಕೊನೆಯವನು. ಅಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅದು ಕೈ ಕಚ್ಚಿತು, ಲಂಡನ್‌ಗೆ ಹೋದರು, ಅಲ್ಲೇ 1872ರಲ್ಲಿ ತೀರಿಕೊಂಡರು. ಒಂಬತ್ತು ವರ್ಷದ ಹುಡುಗ ಬೀದಿಯಲ್ಲಿ ಪೇಪರ್ ಮಾರಿದ, ಆಮೇಲೆ ಮನೆಮನೆಗೆ ಟೆಲಿಗ್ರಾಂ ಹಂಚಿದ. ಸ್ಕೂಲಿಗೆ ಹೋಗಿದ್ದು ಒಟ್ಟು ಸೇರಿಸಿದರೆ ಒಂದು ವರ್ಷ ಆಗಬಹುದು. ಹದಿನೈದನೇ ವಯಸ್ಸಿನಲ್ಲಿ ಒಬ್ಬ ಅತ್ತೆ ದುಡ್ಡು ಕಟ್ಟಿ ಪೀಟರ್‌ಬರೊದ ರೈಲ್ವೆ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿಸಿದರು. ಮೂರು ವರ್ಷಕ್ಕೆ ಆ ದುಡ್ಡೂ ಮುಗಿಯಿತು, ಟ್ರೇನಿಂಗ್ ಅರ್ಧಕ್ಕೆ ನಿಂತಿತು. ಅಂದರೆ ನಮ್ಮ ಥರ ಮಾರ್ಕ್ಸ್ ಕಾರ್ಡ್ ಏನೂ ಇರಲಿಲ್ಲ. ಲೀಡ್ಸ್‌ನಲ್ಲಿ ಟೂಲ್ ಮಾಡುವ ಕೆಲಸ, ಆಮೇಲೆ ಲಂಡನ್‌ನಲ್ಲಿ ಆಗಷ್ಟೇ ಕಾಲಿಡುತ್ತಿದ್ದ ಎಲೆಕ್ಟ್ರಿಕ್ ಲೈಟ್ ಕಂಪನಿ ಕೆಲಸ, ರಾತ್ರಿ ಹೊತ್ತು ಓದು.

1884ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ, ತಾನು ಕೂಡಿಟ್ಟ 20 ಪೌಂಡ್ ಮತ್ತು ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ ತಂದ 50 ಪೌಂಡ್ ಹಾಕಿ ಮ್ಯಾಂಚೆಸ್ಟರ್‌ನ ಕುಕ್ ಸ್ಟ್ರೀಟ್‌ನಲ್ಲಿ ವರ್ಕ್‌ಶಾಪ್ ತೆರೆದರು. ಕೆಳಗೆ ಕೆಲಸ, ಮೇಲಿನ ರೂಮಿನಲ್ಲಿ ವಾಸ. ಮೊದಲು ಮನೆಗೆ ಹಾಕುವ ಎಲೆಕ್ಟ್ರಿಕ್ ಬೆಲ್, ಲ್ಯಾಂಪ್ ಹೋಲ್ಡರ್, ಆಮೇಲೆ ಡೈನಮೊ, ಕ್ರೇನ್. ಡೈನಮೊದಲ್ಲಿ ಬ್ರಶ್ ಹತ್ತಿರ ಕಿಡಿ ಹಾರಬಾರದು ಅನ್ನೋದು ಆಗಲೇ ಅವರ ಹಠ. ಕಿಡಿ ಅಂದರೂ ವ್ಯರ್ಥ, ಸದ್ದು ಅಂದರೂ ವ್ಯರ್ಥ. ಕೆಲಸದಲ್ಲಿ ಮುಳುಗಿದರೆ ಊಟ ಮರೆತೇ ಹೋಗುತ್ತಿತ್ತಂತೆ. ಅವರ ಹಿಂದೆ ಹಾಲಿನ ಲೋಟ ಹಿಡಿದುಕೊಂಡು ಓಡಾಡೋಕೆ ಒಬ್ಬ ಹುಡುಗನನ್ನು ಬಿಟ್ಟಿದ್ದರು ಅಂತ ಹೇಳ್ತಾರೆ. ಕೇಳೋಕೆ ತಮಾಷೆ ಅನ್ನಿಸುತ್ತೆ, ಆದರೆ ಇದರ ಬೆಲೆ ಮುಂದೆ ಕಟ್ಟಬೇಕಾಯಿತು.

1903ರಲ್ಲಿ ಅವರು ಒಂದು ಸೆಕೆಂಡ್ ಹ್ಯಾಂಡ್ ಫ್ರೆಂಚ್ ಕಾರು ತಗೊಂಡರು, ಎರಡು ಸಿಲಿಂಡರಿನ ಡಿಕೋವಿಲ್. ಆ ಕಾಲಕ್ಕೆ ಅದು ಕೆಟ್ಟ ಗಾಡಿಯೇನಲ್ಲ. ಆದರೆ ರಾಯ್ಸ್ ಕಿವಿಗೆ ಅದು ತಡೆಯಲಿಲ್ಲ. ಬಿಚ್ಚಿದರು, ಪ್ರತಿ ಭಾಗ ನೋಡಿದರು, ಕೊನೆಗೆ ಇದನ್ನು ರಿಪೇರಿ ಮಾಡೋ ಬದಲು ತಾವೇ ಮೂರು ಕಾರು ಮಾಡೋದು ಅಂತ ತೀರ್ಮಾನಿಸಿದರು. ಇಲ್ಲಿ ಗಮನಿಸಬೇಕಾದ್ದು, ಅವರು ಹೊಸದಾಗಿ ಕಂಡುಹಿಡಿದದ್ದು ಏನೂ ಇಲ್ಲ ಅಂದ್ರೂ ನಡೆಯುತ್ತೆ. ಎರಡೇ ಸಿಲಿಂಡರ್, ಗೊತ್ತಿದ್ದ ಡಿಸೈನ್. ಆದರೆ ಗೇರಿನ ಹಲ್ಲು ಸರಿಯಾಗಿ ಕೂರಬೇಕು, ಬೇರಿಂಗ್ ಸಡಿಲ ಇರಬಾರದು, ತಿರುಗುವ ಭಾಗ ಬ್ಯಾಲೆನ್ಸ್ ಆಗಿರಬೇಕು, ಸೈಲೆನ್ಸರ್ ದೊಡ್ಡದಿರಬೇಕು. 1904ರ ಏಪ್ರಿಲ್ 1ರಂದು (ಹೌದು, ಏಪ್ರಿಲ್ ಫೂಲ್ ದಿನವೇ) ಮೊದಲ ಕಾರು ವರ್ಕ್‌ಶಾಪಿನಿಂದ ಹೊರಟು ಸುಮಾರು 24 ಕಿಲೋಮೀಟರ್ ದೂರದ ನಟ್ಸ್‌ಫರ್ಡ್‌ನಲ್ಲಿದ್ದ ಅವರ ಮನೆ ತಲುಪಿತು.

ಚಾರ್ಲ್ಸ್ ರೋಲ್ಸ್ ಬರೋದು ಈಗ. ಶ್ರೀಮಂತರ ಮಗ, ಕೇಂಬ್ರಿಡ್ಜ್‌ನಲ್ಲಿ ಓದಿದವನು, ಲಂಡನ್‌ನಲ್ಲಿ ಫ್ರೆಂಚ್ ಕಾರು ಮಾರುತ್ತಿದ್ದ. ಎರಡು ಸಿಲಿಂಡರ್ ಗಾಡಿ ಅಂದರೆ ಅವನಿಗೆ ಆಗಿಬರುತ್ತಿರಲಿಲ್ಲ, ನಡುಗುತ್ತವೆ ಅಂತ. ಇಬ್ಬರಿಗೂ ಗೊತ್ತಿದ್ದ ಹೆನ್ರಿ ಎಡ್ಮಂಡ್ಸ್ ಎಂಬುವರು 1904ರ ಮೇ 4ರಂದು ಮ್ಯಾಂಚೆಸ್ಟರ್‌ನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಭೇಟಿ ಮಾಡಿಸಿದರು. ರೋಲ್ಸ್ ಆ ಕಾರಿನಲ್ಲಿ ಕೂತು ಒಂದು ಸುತ್ತು ಬಂದಮೇಲೆ ಮನಸ್ಸು ಬದಲಾಯಿಸಿದ. ರಾಯ್ಸ್ ಎಷ್ಟು ಕಾರು ಮಾಡಿದರೂ ತಾನು ಮಾರುತ್ತೇನೆ ಅನ್ನೋ ಒಪ್ಪಂದ ಆ ವರ್ಷದ ಡಿಸೆಂಬರಿನಲ್ಲಿ ಆಯಿತು, 1906ರಲ್ಲಿ ಕಂಪನಿ ಆಯಿತು.

ಆಮೇಲೆ ನಿಜವಾದ ತಲೆನೋವು ಶುರುವಾಗಿದ್ದು ಆರು ಸಿಲಿಂಡರಿನಿಂದ. ಲೆಕ್ಕದ ಪ್ರಕಾರ ಒಂದೇ ಸಾಲಿನ ಆರು ಸಿಲಿಂಡರ್ ತುಂಬ ನುಣುಪಾಗಿ ಓಡಬೇಕು. ನಿಮಿಷಕ್ಕೆ 1200 ಸುತ್ತು ಅಂತ ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಎರಡು ಸಿಲಿಂಡರ್ ಇದ್ದರೆ ಸೆಕೆಂಡಿಗೆ 20 ಹೊಡೆತ, ಆರಿದ್ದರೆ 60. ದೊಡ್ಡ ಹೊಡೆತದ ಬದಲು ಸಣ್ಣ ಸಣ್ಣ ಹೊಡೆತ ಹತ್ತಿರ ಹತ್ತಿರ ಬರುತ್ತವೆ. ಪಿಸ್ಟನ್‌ಗಳ ಓಡಾಟವೂ ಒಂದಕ್ಕೊಂದು ಬ್ಯಾಲೆನ್ಸ್ ಆಗುತ್ತದೆ. ಪೇಪರ್ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಅವರ 30 ಹಾರ್ಸ್‌ಪವರ್ ಕಾರಿನಲ್ಲಿ ಒಂದು ನಿರ್ದಿಷ್ಟ ವೇಗಕ್ಕೆ ಬಂದರೆ ಇಂಜಿನ್ ನಡುಗುತ್ತಿತ್ತು, ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು. ಕಾರಣ, ಶಾಫ್ಟ್ ಉದ್ದ. ಒದ್ದೆ ಬಟ್ಟೆ ಹಿಂಡಿದ ಹಾಗೆ ಅದು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಹೊಡೆತಗಳ ತಾಳ ಶಾಫ್ಟಿನ ಸ್ವಂತ ತಾಳಕ್ಕೆ ಸರಿಹೊಂದಿದ ಕೂಡಲೇ ರೆಸೊನೆನ್ಸ್.

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ಟಾರ್ಶನ್ ಫಾರ್ಮುಲಾ ಬಾಯಿಪಾಠ ಮಾಡಿದವರಿಗೆ ಇದು ಈಗ ಹೊಳೆದಿರಬೇಕು. ಶಾಫ್ಟ್ ಎಷ್ಟು ಬಿಗಿ ಅನ್ನೋದು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವ್ಯಾಸವನ್ನು ಬರೀ 20 ಪರ್ಸೆಂಟ್ ದಪ್ಪ ಮಾಡಿದರೆ ಬಿಗಿತ ಎರಡರಷ್ಟಾಗುತ್ತದೆ. ಆಗ ಆ ಕೆಟ್ಟ ತಾಳ ಇಂಜಿನ್ ಓಡುವ ವೇಗದಿಂದ ಮೇಲಕ್ಕೆ ಸರಿಯುತ್ತದೆ. ರಾಯ್ಸ್ ಮಾಡಿದ್ದು ಇದನ್ನೇ. ಮುಂದಿನ 40/50 ಇಂಜಿನ್‌ಗೆ ದಪ್ಪ ಶಾಫ್ಟ್, ಅದನ್ನು ಹಿಡಿಯಲು ಏಳು ಬೇರಿಂಗ್, ಒತ್ತಡದಲ್ಲಿ ಎಣ್ಣೆ. ಜೊತೆಗೆ ಶಾಫ್ಟಿನ ಮುಂದಿನ ತುದಿಗೆ ಉಜ್ಜುವಿಕೆಯಿಂದ ಕಂಪನವನ್ನು ತಿಂದುಹಾಕುವ ಒಂದು ಸಣ್ಣ ಡ್ಯಾಂಪರ್. ಫ್ರೆಡೆರಿಕ್ ಲ್ಯಾಂಚೆಸ್ಟರ್ ಕೂಡ ಅದೇ ವರ್ಷಗಳಲ್ಲಿ ಇದೇ ದಾರಿ ಹಿಡಿದು ಪೇಟೆಂಟ್ ಪಡೆದರು, ಯಾರು ಮೊದಲು ಅನ್ನೋ ವಾದ ಇನ್ನೂ ಇದೆ. ನನಗೆ ಆ ವಾದಕ್ಕಿಂತ ಮುಖ್ಯ ಅನ್ನಿಸೋದು ಬೇರೆ. ಒಂದು ವರ್ಷ ಸ್ಕೂಲಿಗೆ ಹೋದ ಮನುಷ್ಯ, ಮುರಿದ ಶಾಫ್ಟ್ ಕೈಯಲ್ಲಿ ಹಿಡಿದು, ನಾವು ಇಂಟರ್ನಲ್ಸ್‌ಗೆ ಓದಿ ಮರೆಯೋದನ್ನ ತಲುಪಿದರು.

1907ರಲ್ಲಿ ಆ 7036 ಸಿಸಿ ಇಂಜಿನ್ನಿನ ಒಂದು ಚಾಸಿಗೆ ಬಾರ್ಕರ್ ಕಂಪನಿಯವರು ತೆರೆದ ಬಾಡಿ ಕಟ್ಟಿ ಬೆಳ್ಳಿ ಬಣ್ಣ ಬಳಿದರು. ಅದೇ ಸಿಲ್ವರ್ ಘೋಸ್ಟ್. ದೆವ್ವದ ಥರ ಸದ್ದಿಲ್ಲದೆ ಬರುತ್ತೆ ಅಂತ ಆ ಹೆಸರು. ಹೆಸರಿಟ್ಟದ್ದು ವ್ಯವಹಾರ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್. ಇಂಜಿನ್ ಓಡುತ್ತಿರುವಾಗಲೇ ರೇಡಿಯೇಟರ್ ಕ್ಯಾಪ್ ಮೇಲೆ ನಾಣ್ಯ ನಿಲ್ಲಿಸಿ ತೋರಿಸುತ್ತಿದ್ದರಂತೆ. ಅದೇ ವರ್ಷ ಲಂಡನ್‌–ಗ್ಲಾಸ್ಗೊ ನಡುವೆ ಹಗಲೂ ರಾತ್ರಿ ಓಡಿಸಿ, ಆಟೋಮೊಬೈಲ್ ಕ್ಲಬ್ಬಿನವರ ಕಣ್ಣೆದುರೇ 15,000 ಮೈಲಿ, ಅಂದರೆ ಸುಮಾರು 24,000 ಕಿಲೋಮೀಟರ್ ಮುಗಿಸಿದರು. ತಾನಾಗೇ ನಿಂತಿದ್ದು ಒಂದೇ ಸಲ, 629ನೇ ಮೈಲಿಯಲ್ಲಿ. ಏನಾಗಿತ್ತು ಗೊತ್ತಾ? ಅಲುಗಾಟಕ್ಕೆ ಪೆಟ್ರೋಲ್ ನಲ್ಲಿ ತಾನೇ ಮುಚ್ಚಿಕೊಂಡಿತ್ತು! ಇಂಜಿನ್ನಿನ ನಡುಕ ನಿಲ್ಲಿಸಿದ ಮನುಷ್ಯನ ಕಾರನ್ನು ಕೊನೆಗೂ ನಿಲ್ಲಿಸಿದ್ದು ರಸ್ತೆಯ ನಡುಕ. ಆಮೇಲೆ 14,371 ಮೈಲಿ ನಿಲ್ಲದೆ ಓಡಿತು.

ಒಂದು ಮಾತು ನ್ಯಾಯವಾಗಿ ಹೇಳಲೇಬೇಕು. ಆ ಕಾರುಗಳ ವೇಗ ಕಡಿಮೆ, ಅದು ರಾಯ್ಸ್‌ಗೆ ಅನುಕೂಲವಾಯಿತು. ಗಾಳಿಯ ಸದ್ದಿನ ಶಕ್ತಿ ಸುಮಾರಾಗಿ ವೇಗದ ಆರನೇ ಘಾತದಂತೆ ಏರುತ್ತದೆ. ವೇಗ ಎರಡರಷ್ಟಾದರೆ 18 ಡೆಸಿಬಲ್ ಜಾಸ್ತಿ. ಬೈಪಾಸ್‌ನಲ್ಲಿ ನೂರರ ಮೇಲೆ ಓಡುವ ಕನ್ವರ್ಟಿಬಲ್‌ನಲ್ಲಿ ಇಂಜಿನ್ ಎಷ್ಟೇ ಮೌನವಾಗಿದ್ದರೂ ಗಾಳಿಯೇ ಎಲ್ಲವನ್ನೂ ನುಂಗುತ್ತದೆ. ಅದಕ್ಕೇ ಈಗ ಸೀಟಿನ ಹಿಂದೆ ಗಾಳಿ ತಡೆಯುವ ಜಾಲರಿ, ಮಡಚುವ ಟಾಪ್‌ಗೆ ಪದರ ಪದರ ಬಟ್ಟೆ, ಮೇಲ್ಛಾವಣಿ ಇಲ್ಲದ ಬಾಡಿ ತಿರುಚದ ಹಾಗೆ ಕೆಳಗೆ ಎಕ್ಸ್‌ಟ್ರಾ ಬಲ. ರೋಲ್ಸ್ ರಾಯ್ಸ್ ಹೆಸರಿನಲ್ಲೇ 2015ರಲ್ಲಿ ಬಂದ ಡಾನ್ ಎಂಬ ಕನ್ವರ್ಟಿಬಲ್‌ಗೆ ಆರು ಪದರದ ಬಟ್ಟೆಯ ಟಾಪ್ ಇತ್ತು. ಇದೆಲ್ಲ ದಾರಿ ಮುಚ್ಚುವ ಇಂಜಿನಿಯರಿಂಗ್. ಡ್ಯಾಂಪಿಂಗ್ ಶೀಟ್ ಅಂಟಿಸೋಕೆ ಹೊರಟ ನಮ್ಮ ಫ್ರೆಂಡ್ಸ್ ಕೂಡ ಮೊದಲು ಸಡಿಲ ಬೋಲ್ಟ್, ಸವೆದ ಇಂಜಿನ್ ಮೌಂಟ್ ನೋಡಿದರೆ ಅರ್ಧ ದುಡ್ಡು ಉಳಿಯುತ್ತೆ.

ಈ ಕಾರುಗಳು ನಮ್ಮ ಕಡೆಗೂ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅರಮನೆಯಲ್ಲಿ ರೋಲ್ಸ್ ರಾಯ್ಸ್‌ಗಳಿದ್ದವು. ಮೈಸೂರು ಮಹಾರಾಜರು ಏಳೇಳು ಕಾರು ಒಟ್ಟಿಗೇ ತಗೊಳ್ತಿದ್ದರು, ಅದಕ್ಕೆ ಕಂಪನಿಯವರು ಹಾಗೆ ಸಗಟು ಕೊಳ್ಳೋದಕ್ಕೆ ಮೈಸೂರಿನ ಹೆಸರನ್ನೇ ಇಟ್ಟಿದ್ದರು ಅನ್ನೋ ಕಥೆ ಕಾರು ಹುಚ್ಚಿನವರ ಬಾಯಲ್ಲಿ ಇಂದಿಗೂ ಇದೆ.

ಅಷ್ಟೊತ್ತಿಗೆ ರಾಯ್ಸ್ ಮೈ ಸೋತಿತ್ತು. 1910ರ ಜುಲೈನಲ್ಲಿ ರೋಲ್ಸ್ ವಿಮಾನ ಬಿದ್ದು ಸತ್ತ, 32 ವರ್ಷಕ್ಕೇ. ಮರುವರ್ಷ ರಾಯ್ಸ್ ಕುಸಿದುಬಿದ್ದರು. ಊಟ ನಿದ್ದೆ ಬಿಟ್ಟು ಮಾಡಿದ ಕೆಲಸದ ಬಾಕಿ ಅದು. ಡಾಕ್ಟರುಗಳು ಹೆಚ್ಚು ದಿನ ಇಲ್ಲ ಅಂದುಕೊಂಡರು. ಬದುಕಿದರು, ಆದರೆ ಡರ್ಬಿಯ ಫ್ಯಾಕ್ಟರಿಯಲ್ಲಿ ಮತ್ತೆ ದಿನನಿತ್ಯದ ಕೆಲಸಕ್ಕೆ ನಿಲ್ಲಲಿಲ್ಲ. ದಕ್ಷಿಣ ಫ್ರಾನ್ಸಿನ ಸಮುದ್ರ ತೀರ, ಆಮೇಲೆ ಇಂಗ್ಲೆಂಡಿನ ವೆಸ್ಟ್ ವಿಟರಿಂಗ್. ಹೆಂಡತಿ ಜೊತೆಗೆ ಇರಲಿಲ್ಲ; ಎಥೆಲ್ ಆಬಿನ್ ಎಂಬ ನರ್ಸ್ ಕೊನೆಯವರೆಗೂ ನೋಡಿಕೊಂಡರು. ಕೆಲವು ಡ್ರಾಫ್ಟ್ಸ್‌ಮನ್‌ಗಳು ಹತ್ತಿರದಲ್ಲೇ ಮನೆ ಮಾಡಿ ಅವರ ಸ್ಕೆಚ್‌ಗಳನ್ನು ಡ್ರಾಯಿಂಗ್ ಮಾಡಿ ಕಳಿಸುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಈಗಲ್ ವಿಮಾನ ಇಂಜಿನ್ ಹುಟ್ಟಿದ್ದು ಹೀಗೇ, ಅಂಚೆಯ ಮೂಲಕ. ಆ ಪತ್ರಗಳನ್ನು ಕಂಪನಿಯವರು ಒಟ್ಟು ಮಾಡಿ ಪುಸ್ತಕವಾಗಿ ಕಟ್ಟಿಸಿ ಬೈಬಲ್ ಅಂತ ಕರೆಯುತ್ತಿದ್ದರು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ನಿಲ್ಲದೆ ದಾಟಿದ್ದು ಎರಡು ಈಗಲ್ ಇಂಜಿನ್ ನಂಬಿಕೊಂಡು.

ಆಮೇಲೆ ರೇಸ್ ವಿಮಾನದ ಆರ್ ಇಂಜಿನ್, ಅದರ ಅನುಭವದಿಂದ ಮರ್ಲಿನ್. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್‌ನಲ್ಲಿ ಇದ್ದದ್ದು ಈ ಮರ್ಲಿನ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜಾಗ್ವಾರ್ ವಿಮಾನಕ್ಕೆ ಲೈಸೆನ್ಸ್ ಮೇಲೆ ತಯಾರಾದ ಅಡೋರ್ ಇಂಜಿನ್‌ನಲ್ಲೂ ರಾಯ್ಸ್ ಹೆಸರಿದೆ. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಅದೇ ಎಚ್‌ಎಎಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಮುಂದೆ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಕೆಲವರಾದರೂ ಇರ್ತಾರೆ. ಕಂಪನ ಅನ್ನೋದು ಅಲ್ಲಿ ಬರೀ ಕಿವಿಯ ವಿಷಯ ಅಲ್ಲ, ಜೀವದ ವಿಷಯ.

1930ರಲ್ಲಿ ರಾಯ್ಸ್‌ಗೆ ಸರ್ ಪದವಿ ಸಿಕ್ಕಿತು. 1933ರ ಏಪ್ರಿಲ್ 22ರಂದು, 70ನೇ ವಯಸ್ಸಿನಲ್ಲಿ, ವೆಸ್ಟ್ ವಿಟರಿಂಗ್ ಮನೆಯಲ್ಲಿ ತೀರಿಕೊಂಡರು. ಮರ್ಲಿನ್ ಮೊದಲ ಬಾರಿ ಓಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ಅವರು ಅದರ ಸದ್ದು ಕೇಳಲೇ ಇಲ್ಲ. ಸಾಯುವ ಹಿಂದಿನ ರಾತ್ರಿ ಹಾಸಿಗೆಯಲ್ಲಿ ಮಲಗಿಕೊಂಡೇ ಒಂದು ಲಕೋಟೆಯ ಹಿಂಭಾಗದಲ್ಲಿ ಸ್ಕೆಚ್ ಹಾಕಿ, ಫ್ಯಾಕ್ಟರಿಗೆ ತಲುಪಿಸಲು ನರ್ಸ್ ಕೈಗೆ ಕೊಟ್ಟರಂತೆ. ಅದು ರಸ್ತೆಗೆ ತಕ್ಕ ಹಾಗೆ ಹೊಂದಿಸಬಹುದಾದ ಒಂದು ಶಾಕ್ ಅಬ್ಸಾರ್ಬರ್. ಲಕೋಟೆ ಡರ್ಬಿ ತಲುಪುವಷ್ಟರಲ್ಲಿ ಅವರು ಇರಲಿಲ್ಲ.