ಕಲ್ಲು ಅಗಿಯುವ ದವಡೆ: ಎಲಿ ವಿಟ್ನಿ ಬ್ಲೇಕ್ ಅವರ ಬದುಕು

ಶನಿವಾರ, ಭಾನುವಾರ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಕನ್ನಡ ತರಗತಿಗೆ ಓಡುವ ಸ್ಕ್ರಿಪ್ಸ್ ರ್ಯಾಂಚಿನ ಪೋಷಕರಿಗೆಲ್ಲ ಕ್ಯಾರಲ್ ಕ್ಯಾನ್ಯನ್ ಗೊತ್ತು. ಹೆದ್ದಾರಿ 15ರ ಆಚೆಗಿರುವ ಆ ಕಣಿವೆಯಲ್ಲಿ ದಶಕಗಳ ಕಾಲ ಮರಳು, ಜಲ್ಲಿ ತೆಗೆಯುತ್ತಿದ್ದರು. ಹಾಗೆ ಅಗೆದ ನೆಲದ ಒಂದು ಭಾಗದಲ್ಲಿ ಇಂದು ಹೊಸ ಮನೆಗಳು ಎದ್ದಿವೆ. ನಮ್ಮೂರಿನ ಕಡೆಯೂ ಇದು ಹೊಸದಲ್ಲ. ಚಿಕ್ಕಬಳ್ಳಾಪುರದ ಕಡೆ ಹೋದವರು ಬೆಟ್ಟದ ಪಕ್ಕದಲ್ಲಿ ಬಿಳಿ ಧೂಳೆಬ್ಬಿಸುತ್ತ ನಿಂತ ಜಲ್ಲಿ ಕ್ರಷರ್‌ಗಳನ್ನು ನೋಡಿಯೇ ಇರುತ್ತಾರೆ. ಅದಕ್ಕೂ ಹಿಂದೆ, ರಸ್ತೆ ಬದಿಯಲ್ಲಿ ಗೋಣಿತಾಟಿನ ನೆರಳಲ್ಲಿ ಕುಳಿತು ಸುತ್ತಿಗೆಯಿಂದ ಜಲ್ಲಿ ಒಡೆಯುತ್ತಿದ್ದ ಹೆಂಗಸರನ್ನು ಕಂಡ ನೆನಪು ನಮ್ಮಲ್ಲಿ ಹಲವರಿಗಿದೆ. ಆ ಸುತ್ತಿಗೆಯ ಕೆಲಸವನ್ನು ಯಂತ್ರದ ಬಾಯಿಗೆ ಕೊಟ್ಟವರು ಎಲಿ ವಿಟ್ನಿ ಬ್ಲೇಕ್. ಮಕ್ಕಳು ಪ್ರಮಾಣಪತ್ರ ಪಡೆಯುವ ಈ ಹೊತ್ತಿನಲ್ಲಿ ಅವರ ಕಥೆ ಹೇಳಲು ಒಂದು ಕಾರಣವಿದೆ. ಅದು ಕಲ್ಲಿನ ಕಥೆಯಷ್ಟೇ ಅಲ್ಲ, ಪರೀಕ್ಷೆಯ ಕಥೆ ಕೂಡ.

ಬ್ಲೇಕ್ ಹುಟ್ಟಿದ್ದು 1795ರ ಜನವರಿ 27ರಂದು, ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್‌ಬರೋ ಎಂಬ ಊರಿನಲ್ಲಿ. ಅವರ ತಾಯಿ, ಹತ್ತಿಯಿಂದ ಬೀಜ ಬಿಡಿಸುವ ಯಂತ್ರದಿಂದ ಹೆಸರಾದ ಎಲಿ ವಿಟ್ನಿ ಅವರ ತಂಗಿ. ಹುಡುಗನಿಗೆ ಸೋದರಮಾವನ ಹೆಸರನ್ನೇ ಇಟ್ಟರು. ಬ್ಲೇಕ್ ಅವರ ಬದುಕು ತಿಳಿಯಬೇಕಾದರೆ ಈ ಸೋದರಮಾವನಿಗೆ ಏನಾಯಿತೆಂದು ಮೊದಲು ತಿಳಿಯಬೇಕು.

ವಿಟ್ನಿ ಹತ್ತಿ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1794ರ ಮಾರ್ಚ್ 14ರಂದು. ಆಗ ಜಾರಿಯಲ್ಲಿದ್ದದ್ದು 1793ರ ಕಾನೂನು. ಅದರ ಪ್ರಕಾರ ಅರ್ಜಿ, ಚಿತ್ರ, ಶುಲ್ಕ ಕೊಟ್ಟರೆ ಮುಗಿಯಿತು. ಪತ್ರ ಕೈಗೆ ಬರುತ್ತಿತ್ತು. ಈ ಯಂತ್ರ ನಿಜಕ್ಕೂ ಹೊಸದೇ, ಮೊದಲೇ ಯಾರಾದರೂ ಮಾಡಿದ್ದಾರೆಯೇ ಎಂದು ಸರ್ಕಾರದಲ್ಲಿ ಯಾರೂ ಪರಿಶೀಲಿಸುತ್ತಿರಲಿಲ್ಲ. ಆ ಜಗಳವನ್ನು ಆಮೇಲೆ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಬೇಕಿತ್ತು. ವಿಟ್ನಿಗೆ ಆದದ್ದೂ ಅದೇ. ದಕ್ಷಿಣದ ರಾಜ್ಯಗಳಲ್ಲಿ ತೋಟದ ಒಡೆಯರು ಅವರ ಯಂತ್ರದಂಥ ಯಂತ್ರಗಳನ್ನು ತಾವೇ ಮಾಡಿಕೊಂಡರು. ಮೊಕದ್ದಮೆಗಳು ವರ್ಷಗಟ್ಟಲೆ ಎಳೆದವು. ನ್ಯಾಯಾಲಯ ಕೊನೆಗೂ ಸ್ಪಷ್ಟವಾಗಿ ಅವರ ಪರ ನಿಂತದ್ದು 1807ರಲ್ಲಿ, ಪೇಟೆಂಟಿನ 14 ವರ್ಷಗಳ ಅವಧಿ ಮುಗಿಯುತ್ತ ಬಂದಾಗ. ಅವಧಿಯನ್ನು ನವೀಕರಿಸಿ ಎಂದು ಅವರು ಇಟ್ಟ ಕೋರಿಕೆಯನ್ನು 1812ರಲ್ಲಿ ಕಾಂಗ್ರೆಸ್ ಒಪ್ಪಲಿಲ್ಲ. ಆ ಯಂತ್ರ ಹತ್ತಿಯ ಬೆಳೆಯನ್ನು ಹೆಚ್ಚಿಸಿತು. ಜೊತೆಗೆ ಆ ತೋಟಗಳಲ್ಲಿ ಗುಲಾಮರಾಗಿ ದುಡಿಯುವವರ ಸಂಖ್ಯೆಯನ್ನೂ ಹೆಚ್ಚಿಸಿತು. ಈ ಮಾತನ್ನು ಬಿಟ್ಟು ವಿಟ್ನಿಯ ಕಥೆ ಹೇಳಲಾಗದು.

ಅಳಿಯ ಓದಿನಲ್ಲಿ ಚುರುಕಾಗಿದ್ದರು. 1816ರಲ್ಲಿ ಯೇಲ್ ಕಾಲೇಜಿನಿಂದ ಪದವಿ ಪಡೆದು, ಕನೆಕ್ಟಿಕಟ್ ರಾಜ್ಯದ ಲಿಚ್‌ಫೀಲ್ಡಿನಲ್ಲಿದ್ದ ಕಾನೂನು ಶಾಲೆಗೆ ಸೇರಿದರು. ವಕೀಲರಾಗುವ ಹಾದಿಯಲ್ಲಿದ್ದವರನ್ನು ಸೋದರಮಾವ ಕರೆಸಿಕೊಂಡರು. ನ್ಯೂ ಹೇವನ್ ಪಟ್ಟಣದ ಹತ್ತಿರ ವಿಟ್ನಿಯ ಬಂದೂಕು ಕಾರ್ಖಾನೆ ಇತ್ತು. ಅಲ್ಲಿ ನಂಬಿಕಸ್ತರೊಬ್ಬರು ಬೇಕಾಗಿತ್ತು. ಬ್ಲೇಕ್ ಕಾನೂನು ಪುಸ್ತಕ ಮುಚ್ಚಿಟ್ಟು ಕಬ್ಬಿಣದ ಕೆಲಸಕ್ಕಿಳಿದರು. 1825ರ ಜನವರಿಯಲ್ಲಿ ವಿಟ್ನಿ ತೀರಿಕೊಂಡಾಗ, ಅಣ್ಣ ಫಿಲೋಸ್ ಜೊತೆ ಸೇರಿ ಸುಮಾರು 10 ವರ್ಷ ಕಾರ್ಖಾನೆಯನ್ನು ನಡೆಸಿದರು. ಆಮೇಲೆ ಸಹೋದರರು ಪಕ್ಕದ ವೆಸ್ಟ್‌ವಿಲ್ ಎಂಬಲ್ಲಿ ಸ್ವಂತ ಕಾರ್ಖಾನೆ ತೆರೆದು ಬಾಗಿಲ ಬೀಗ, ಚಿಲಕ, ಬಿಜಾಗರಿ, ಮಂಚದ ಕಾಲಿಗೆ ಹಾಕುವ ಗಾಲಿಗಳನ್ನು ಮಾಡತೊಡಗಿದರು. ಇಂಥ ಕೆಲವು ಸಾಮಾನುಗಳಿಗೆ ಪೇಟೆಂಟನ್ನೂ ಪಡೆದರು. ಹಾಗಾಗಿ ಪೇಟೆಂಟ್ ಕಚೇರಿ ಬ್ಲೇಕ್ ಅವರಿಗೆ ಅಪರಿಚಿತವಾಗಿರಲಿಲ್ಲ.

ಇಷ್ಟರಲ್ಲಿ ಕಾನೂನು ಬದಲಾಗಿತ್ತು. 1836ರ ಜುಲೈ 4ರಂದು ಬಂದ ಹೊಸ ಕಾಯ್ದೆ ಪೇಟೆಂಟ್ ಕಚೇರಿಗೆ ಪರೀಕ್ಷಕರನ್ನು ತಂದಿತು. ಇನ್ನು ಮುಂದೆ ಅರ್ಜಿದಾರರು ತಮ್ಮ ಸಾಧನದ ವಿವರ ಬರೆದು, ಚಿತ್ರ ಹಾಕಿ, ಸಣ್ಣ ಮಾದರಿಯೊಂದನ್ನೂ ಮಾಡಿ ಕಳಿಸಬೇಕಿತ್ತು. ಅದರಲ್ಲಿ ತಮ್ಮದು ಎಂದು ಹೇಳಿಕೊಳ್ಳುವ ಭಾಗ ಯಾವುದು ಎಂಬುದನ್ನು ಕೊನೆಯಲ್ಲಿ ಬೇರೆಯಾಗಿ, ಸ್ಪಷ್ಟವಾಗಿ ಬರೆಯಬೇಕಿತ್ತು. ಇದಕ್ಕೆ ಕ್ಲೇಮ್ ಎನ್ನುತ್ತಾರೆ. ಪರೀಕ್ಷಕರು ಹಳೆಯ ಪೇಟೆಂಟುಗಳನ್ನೂ ಪುಸ್ತಕಗಳನ್ನೂ ಮುಂದಿಟ್ಟುಕೊಂಡು ಆ ಕ್ಲೇಮನ್ನು ತೂಗುತ್ತಿದ್ದರು. ಹಳೆಯದನ್ನು ಹೊಸದೆಂದು ಹೇಳಿಕೊಂಡಿದ್ದರೆ ಕಾರಣ ತೋರಿಸಿ ಹಿಂದಕ್ಕೆ ಕಳಿಸುತ್ತಿದ್ದರು. ಅರ್ಜಿದಾರರು ತಿದ್ದಿ ಬರೆಯಬಹುದಿತ್ತು. ಸೋದರಮಾವನ ಕಾಲಕ್ಕೆ ಇಲ್ಲದ್ದು ಅಳಿಯನ ಕಾಲಕ್ಕೆ ಬಂದಿತ್ತು.

ಬ್ಲೇಕ್ ಅವರ ಬದುಕಿನ ದೊಡ್ಡ ಕೆಲಸ ಶುರುವಾದದ್ದು ಅವರಿಗೆ 55 ದಾಟಿದ ಮೇಲೆ. 1851-52ರಲ್ಲಿ ನ್ಯೂ ಹೇವನ್ನಿನಿಂದ ವೆಸ್ಟ್‌ವಿಲ್‌ಗೆ ಹೋಗುವ ವಾಲಿ ಅವೆನ್ಯೂ ಎಂಬ ಸುಮಾರು ಎರಡು ಮೈಲಿ ರಸ್ತೆಗೆ ಜಲ್ಲಿ ಹಾಕಿಸಲು ಊರಿನವರು ಒಂದು ಸಮಿತಿ ಮಾಡಿದರು. ಬ್ಲೇಕ್ ಅದರಲ್ಲಿದ್ದರು. ಸ್ಕಾಟ್ಲೆಂಡಿನ ಮೆಕಾಡಮ್ ಎಂಬವರು ತೋರಿಸಿಕೊಟ್ಟ ಕ್ರಮ ಆಗ ಎಲ್ಲೆಡೆ ಹರಡುತ್ತಿತ್ತು. ಮೂಲೆಗಳು ಚೂಪಾಗಿರುವ, ಹೆಚ್ಚು ಕಡಿಮೆ ಒಂದೇ ಗಾತ್ರದ ಸಣ್ಣ ಕಲ್ಲುಗಳನ್ನು ಹರಡಿದರೆ ಗಾಡಿಗಳ ಭಾರಕ್ಕೆ ಅವೇ ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ ಎಂಬುದು ಅದರ ತಿರುಳು. ಆದರೆ ಆ ಜಲ್ಲಿ ಬರಬೇಕಾದದ್ದು ಕೈಸುತ್ತಿಗೆಯಿಂದ. ಒಂದು ಘನ ಗಜ ಜಲ್ಲಿಗೆ ಒಬ್ಬ ಆಳಿನ ಎರಡು ದಿನದ ದುಡಿಮೆ ಹಿಡಿಯುತ್ತಿತ್ತು. ಎರಡು ಮೈಲಿ ರಸ್ತೆಗೆ ಎಷ್ಟು ದಿನ, ಎಷ್ಟು ಜನ?

ಕಲ್ಲು ಒಡೆಯುವ ಯಂತ್ರಕ್ಕೆ ಅದಕ್ಕೂ ಮೊದಲೇ ಪೇಟೆಂಟುಗಳಿದ್ದವು. 1830ರದೊಂದು ಒನಕೆಯ ಹಾಗೆ ಭಾರವನ್ನು ಮೇಲೆತ್ತಿ ಬೀಳಿಸುವಂಥದ್ದು. 1840ರದೊಂದು ಮರದ ಪೆಟ್ಟಿಗೆಯೊಳಗೆ ಕಬ್ಬಿಣದ ಗುಬ್ಬಿಗಳಿರುವ ಉರುಳೆಯನ್ನು ರಭಸವಾಗಿ ತಿರುಗಿಸುವಂಥದ್ದು. ಎರಡೂ ಕಾಗದದ ಮೇಲೆ ಉಳಿದವು. ಬ್ಲೇಕ್ ಸುಮಾರು ಏಳು ವರ್ಷ ಈ ಸಮಸ್ಯೆಯ ಬೆನ್ನು ಹತ್ತಿದರು. ಕಲ್ಲಿಗೆ ಹೊಡೆಯುವುದನ್ನು ಬಿಟ್ಟು ಅದನ್ನು ಅಮುಕಿದರೆ ಹೇಗೆ ಎಂಬ ಕಡೆಗೆ ಅವರ ಯೋಚನೆ ಹೋಯಿತು.

ಅವರು ಮಾಡಿದ ಯಂತ್ರವನ್ನು ನಮ್ಮ ಬಾಯಿಗೇ ಹೋಲಿಸಬಹುದು. ನೆಟ್ಟಗೆ ನಿಂತ ಎರಡು ಕಬ್ಬಿಣದ ದವಡೆಗಳು. ಒಂದು ಅಲುಗುವುದಿಲ್ಲ. ಇನ್ನೊಂದು ಮೇಲ್ತುದಿಯಲ್ಲಿ ಕೀಲಿನಿಂದ ತೂಗುತ್ತದೆ. ಎರಡರ ನಡುವಿನ ಜಾಗ ಮೇಲೆ ಅಗಲ, ಕೆಳಗೆ ಕಿರಿದು. ತಿರುಗುವ ದಂಡದ ಬಲದಿಂದ ಹಿಂದಿನ ಕೀಲುಪಟ್ಟಿಗಳು, ಮಡಿಚಿದ ಮೊಣಕಾಲು ನೇರವಾಗುವ ಹಾಗೆ, ನೇರವಾಗಿ ದವಡೆಯನ್ನು ಮುಂದಕ್ಕೆ ಒತ್ತುತ್ತವೆ. ಆ ಒತ್ತು ಒಂದು ಇಂಚಿಗಿಂತ ಕಡಿಮೆ ದೂರದ್ದು. ಆದರೆ ಮೊಣಕಾಲು ನೇರವಾಗುವ ಕೊನೆಯ ಕ್ಷಣದಲ್ಲಿ ಬಲ ಅಪಾರ. ಕಲ್ಲು ಬಿರುಕು ಬಿಡುತ್ತದೆ. ದವಡೆ ಹಿಂದೆ ಸರಿದಾಗ ಚೂರುಗಳು ತಮ್ಮ ಭಾರಕ್ಕೆ ತುಸು ಕೆಳಗಿಳಿಯುತ್ತವೆ. ಇನ್ನೊಮ್ಮೆ ಒತ್ತು, ಇನ್ನೊಮ್ಮೆ ಬಿರುಕು. ಕೆಳಗಿನ ಸಂದಿಗಿಂತ ಸಣ್ಣದಾದ ಮೇಲಷ್ಟೇ ಜಲ್ಲಿ ಹೊರಗೆ ಬೀಳುತ್ತದೆ. ಸಂದಿಯ ಅಗಲ ಬದಲಿಸಿದರೆ ಜಲ್ಲಿಯ ಗಾತ್ರವೂ ಬದಲಾಗುತ್ತದೆ. ಇದಕ್ಕೆ 1858ರ ಜೂನ್ 15ರಂದು 20,542ನೆಯ ಸಂಖ್ಯೆಯ ಪೇಟೆಂಟ್ ಸಿಕ್ಕಿತು.

ಇಲ್ಲಿ ಬ್ಲೇಕ್ ಅವರ ಓದು ಕೆಲಸಕ್ಕೆ ಬಂದಿತು ಎಂದು ನನಗನ್ನಿಸುತ್ತದೆ. ದವಡೆ, ಸನ್ನೆ, ತಿರುಗುವ ದಂಡ, ಮೊಣಕಾಲಿನಂಥ ಕೀಲು ಇವೆಲ್ಲ ಅವರಿಗೂ ಮೊದಲೇ ಇದ್ದವು. ಬಿಡಿಬಿಡಿಯಾಗಿ ಇವುಗಳಲ್ಲಿ ಯಾವುದನ್ನೂ ತಮ್ಮದೆಂದು ಹೇಳುವಂತಿರಲಿಲ್ಲ. ಹೇಳಿದ್ದರೆ ಪರೀಕ್ಷೆಯಲ್ಲಿ ನಿಲ್ಲುತ್ತಿರಲಿಲ್ಲ. ಅವರದು ಎಂದು ಉಳಿದದ್ದು ಅವುಗಳ ಜೋಡಣೆ. ಕೆಳಗೆ ಕಿರಿದಾಗುವ ದವಡೆಗಳನ್ನು ತಿರುಗುವ ದಂಡಕ್ಕೆ ಜೋಡಿಸಿ, ಎದುರಿಗೆ ಎಂಥ ಗಟ್ಟಿ ಕಲ್ಲಿದ್ದರೂ ದವಡೆ ಗೊತ್ತುಮಾಡಿದಷ್ಟೇ ದೂರ ಮುಂದೆ ಬಂದು ಹಿಂದೆ ಹೋಗುವಂತೆ ಮಾಡಿದ್ದು. 1866ರ ಜನವರಿ 9ರಂದು ಬ್ಲೇಕ್ ಹಳೆಯ ಪತ್ರವನ್ನು ಹಿಂತಿರುಗಿಸಿ, ಕ್ಲೇಮುಗಳನ್ನು ತಿದ್ದಿಸಿ ಮರುಮುದ್ರಿತ ಪೇಟೆಂಟ್ ಪಡೆದಾಗ ಈ ಜೋಡಣೆಯೇ ಅದರ ಹೃದಯವಾಗಿತ್ತು. ಒಮ್ಮೆ ಬರೆದದ್ದನ್ನು ಎಂಟು ವರ್ಷದ ಮೇಲೂ ತಿದ್ದಲು ಅವರು ಹಿಂಜರಿಯಲಿಲ್ಲ.

ಪರೀಕ್ಷೆಯಾದ ಪತ್ರ ಕೈಯಲ್ಲಿದ್ದರೂ ಜಗಳ ತಪ್ಪಲಿಲ್ಲ. ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಗೊತ್ತಾದ ಮೇಲೆ ನಕಲು ಮಾಡುವವರು ಹುಟ್ಟಿಕೊಂಡರು. 1860 ಮತ್ತು 1870ರ ದಶಕಗಳಲ್ಲಿ ಬ್ಲೇಕ್ ಒಂದಾದ ಮೇಲೊಂದು ಮೊಕದ್ದಮೆ ಹೂಡಬೇಕಾಯಿತು. ಒಂದು ಮೊಕದ್ದಮೆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಪೇಟೆಂಟ್ ಊರ್ಜಿತವೆಂದು ಅಲ್ಲಿ ತೀರ್ಪಾಯಿತು. ಆದರೆ ಆದ ನಷ್ಟದ ಲೆಕ್ಕ ಸಾಬೀತಾಗಿಲ್ಲವೆಂದು ನಾಮಮಾತ್ರದ ಪರಿಹಾರವಷ್ಟೇ ಸಿಕ್ಕಿತು. ಹೀಗೆ ಸೋದರಮಾವನ ಹಣೆಬರಹದ ಒಂದು ಚೂರು ಅಳಿಯನ ಪಾಲಿಗೂ ಬಂದಿತು. ಆದರೂ ಒಂದು ವ್ಯತ್ಯಾಸವಿತ್ತು. ವಿಟ್ನಿ ಪೇಟೆಂಟ್ ಸಿಕ್ಕ ಮೇಲೆ ಬರೀ ಮೊದಲಿನಿಂದ ಎಲ್ಲವನ್ನೂ ಸಾಧಿಸಬೇಕಾಯಿತು. ಬ್ಲೇಕ್ ಅವರು ನ್ಯಾಯಾಲಯಕ್ಕೆ ಹೋದಾಗ ತಮ್ಮದೇನು, ತಮ್ಮದಲ್ಲದ್ದೇನು ಎಂಬ ಗೆರೆ ಆಗಲೇ ಎಳೆದಾಗಿತ್ತು.

ಯಂತ್ರದಾಚೆಗೂ ಅವರಿಗೆ ಬದುಕಿತ್ತು. ಕನೆಕ್ಟಿಕಟ್‌ನ ಕಲೆ ಮತ್ತು ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಗಾಳಿ, ಧ್ವನಿಗಳ ಚಲನೆಯ ಬಗ್ಗೆ ಬರೆದ ಲೇಖನಗಳನ್ನು 1882ರಲ್ಲಿ, 87ರ ವಯಸ್ಸಿನಲ್ಲಿ, ಪುಸ್ತಕವಾಗಿ ತಂದರು. ಅವರದೇ ಹೆಸರಿನ ಮಗ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಬ್ಲೇಕ್ ತೀರಿಕೊಂಡದ್ದು 1886ರ ಆಗಸ್ಟ್ 18ರಂದು, ನ್ಯೂ ಹೇವನ್ನಿನಲ್ಲಿ. ಅವರ ಯಂತ್ರ ರಸ್ತೆಗಳನ್ನು ದಾಟಿ ರೈಲುಹಳಿಗಳಿಗೆ, ಕಾಂಕ್ರೀಟಿಗೆ, ಗಣಿಗಳಿಗೆ ಹೋಯಿತು. ಕ್ರಷರ್ ಬಂದಾಗ ಸುತ್ತಿಗೆಯ ಶ್ರಮ ಇಳಿಯಿತು; ಅದರ ಧೂಳು ಮಾತ್ರ ದುಡಿಯುವವರ ಎದೆಗೇ ಇಳಿಯಿತು ಎಂಬುದೂ ನಿಜ. ಆ ಲೆಕ್ಕ ಇಂದಿಗೂ ಪೂರ್ತಿ ತೀರಿಲ್ಲ.

ನಮ್ಮ ಶಾಲೆಯ ಪೋಷಕರಲ್ಲಿ ಎಂಜಿನಿಯರುಗಳಿಗೆ ಕೊರತೆಯಿಲ್ಲ. ಪೇಟೆಂಟ್ ಪರೀಕ್ಷಕರಿಂದ ತಿರಸ್ಕಾರದ ಪತ್ರ ಬಂದಾಗ ಮುಖ ಸಪ್ಪಗಾದವರೂ ಇದ್ದಾರೆ. ಇಂದು ಯಾರಾದರೂ ಕ್ರಷರಿನ ಒಂದು ಬಿಡಿಭಾಗಕ್ಕೆ, ದವಡೆಯ ಹಲ್ಲಿನ ಹೊಸ ಆಕಾರಕ್ಕೋ ಕೀಲುಪಟ್ಟಿಗೋ, ಅರ್ಜಿ ಹಾಕಿದರೆ ಅದು ಬಿ02ಸಿ ಎಂಬ ಅಂತಾರಾಷ್ಟ್ರೀಯ ವರ್ಗದಡಿ ಬರುತ್ತದೆ. ಕಲ್ಲು ಪುಡಿಮಾಡುವುದು, ಧಾನ್ಯ ಬೀಸುವುದು ಎರಡೂ ಅದೇ ವರ್ಗದಲ್ಲಿವೆ. ನಮ್ಮಜ್ಜಿಯರ ರಾಗಿ ಬೀಸುವ ಕಲ್ಲು, ಬ್ಲೇಕ್ ಅವರ ಕಬ್ಬಿಣದ ದವಡೆ ಒಂದೇ ಮನೆಯವು ಎಂದಾಯಿತು. ಪರೀಕ್ಷಕರು ಕೇಳುವ ಪ್ರಶ್ನೆಯೂ ಅಂದಿನದೇ. ಹಿರಿಯರಿಂದ ಬಂದದ್ದು ಎಷ್ಟು, ನೀವು ಸೇರಿಸಿದ್ದು ಏನು?

ಮಕ್ಕಳಿಗೆ ಕನ್ನಡದಲ್ಲಿ ಪರೀಕ್ಷೆ ಬೇಕೇ, ವಾರಾಂತ್ಯದಲ್ಲಿ ಬಂದು ಕೂತರೆ ಸಾಲದೇ ಎಂಬ ಮಾತು ಪೋಷಕರ ಸಭೆಗಳಲ್ಲಿ ಬರುವುದುಂಟು. ಆ ಕಳಕಳಿ ಅರ್ಥವಾಗುವಂಥದ್ದೇ. ಈಗಾಗಲೇ ಮಕ್ಕಳ ವಾರವಿಡೀ ಪರೀಕ್ಷೆಗಳೇ. ಹಾಜರಾತಿಗೆ ಕೊಡುವ ಪ್ರಮಾಣಪತ್ರ 1793ರ ಪೇಟೆಂಟಿನಂಥದ್ದು. ಚೆನ್ನಾಗಿ ಕಾಣುತ್ತದೆ, ಆದರೆ ಮುಂದೆ ಊರಿಗೆ ಹೋಗಿ ಅಜ್ಜನೆದುರು ಕೂತಾಗ ಆ ಮಗು ಒಂಟಿಯಾಗಿ ಅದನ್ನು ಸಮರ್ಥಿಸಿಕೊಳ್ಳಬೇಕು. ಕೆಂಪು ಶಾಯಿಯಲ್ಲಿ ಒತ್ತಕ್ಷರ ತಿದ್ದಿ, ಕಾರಣ ಹೇಳಿ, ಇನ್ನೊಮ್ಮೆ ಬರೆದು ತಾ ಎಂದು ಹಿಂದಕ್ಕೆ ಕಳಿಸುವ ಶಿಕ್ಷಕಿ 1836ರ ಪರೀಕ್ಷಕರ ಸಾಲಿನವರು. ಆಕೆ ಮಗುವನ್ನು ಸೋಲಿಸಲು ಕೂತವರಲ್ಲ. ತನಗೆ ಏನು ಬರುತ್ತದೆ ಎಂದು ಮಗು ಧೈರ್ಯವಾಗಿ ಹೇಳುವಂತಾಗಲಿ ಎಂದು ಕೂತವರು.

ಈ ವರ್ಷ ವೇದಿಕೆ ಹತ್ತುವ ನಮ್ಮ ಮಕ್ಕಳು ಹಾಗೆ ತಿದ್ದಿಸಿಕೊಂಡು ಬಂದವರು. ಭಾಷೆಯನ್ನು ಅವರು ಹೊಸದಾಗಿ ಕಂಡುಹಿಡಿಯಲಿಲ್ಲ. ಅದು ಮನೆಯಿಂದ, ಊರಿನಿಂದ ಬಂದದ್ದು. ಅದನ್ನು ಈ ನೆಲದ ಬದುಕಿಗೆ ಅವರು ಜೋಡಿಸಿಕೊಂಡ ರೀತಿ ಮಾತ್ರ ಅವರದೇ.